ನದಿಯ ನೀರುನಾಯಿಗಳ ಕ್ಷೇತ್ರ ಸಮೀಕ್ಷೆ: ಪ್ರಶ್ನೆಯಿಂದ ವರದಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ವನ್ಯಜೀವಿ ಅಧ್ಯಯನ ಎಂದೊಡನೆ ನಾಗರಹೊಳೆ, ಬಂಡೀಪುರಗಳ ಹುಲಿ ಮತ್ತು ಆನೆಗಳು ನೆನಪಿಗೆ ಬರುತ್ತವೆ. ಆದರೆ ಕರ್ನಾಟಕದ ಅನೇಕ ಕಾಡುಪ್ರಾಣಿಗಳು ಅಭಯಾರಣ್ಯಗಳ ಗಡಿಯಾಚೆ, ಭತ್ತದ ಗದ್ದೆ, ಪಂಪ್‌ಸೆಟ್ಟು, ಸ್ನಾನಘಟ್ಟ ಮತ್ತು ಮರಳು ತೆಗೆಯುವ ದಾರಿಗಳ ಮಗ್ಗುಲಲ್ಲೇ ಬದುಕುತ್ತಿವೆ. ನೀರುನಾಯಿ ಅಂಥದ್ದೊಂದು ಪ್ರಾಣಿ. ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ನೀರುನಾಯಿಗಾಗಿಯೇ ಮೀಸಲಾದ ಇಂಥ ಪ್ರದೇಶ ದೇಶದಲ್ಲಿ ಇದೇ ಮೊದಲು. ಒಂದು ಪ್ರಾಣಿಯ ಹೆಸರಿನಲ್ಲಿ ನದಿಯ ಒಂದು ಭಾಗವನ್ನು ಕಾಯಲು ಹೊರಟ ಮೇಲೆ ಆ ಪ್ರಾಣಿ ಅಲ್ಲಿ ಎಲ್ಲೆಲ್ಲಿದೆ, ಎಲ್ಲಿಂದ ಮರೆಯಾಗುತ್ತಿದೆ, ಏಕೆ ಮರೆಯಾಗುತ್ತಿದೆ ಎಂಬುದನ್ನು ವರ್ಷದಿಂದ ವರ್ಷಕ್ಕೆ ತಿಳಿಯುತ್ತಿರಬೇಕಾಗುತ್ತದೆ. ಆ ತಿಳಿವನ್ನು ನಂಬಿಕೆಗೆ ಅರ್ಹವಾದ ರೀತಿಯಲ್ಲಿ ಪಡೆಯುವ ಬಗೆಯನ್ನು ಈ ಬರಹ ಹಂತಹಂತವಾಗಿ ವಿವರಿಸುತ್ತದೆ. ಉದಾಹರಣೆಗೆ ತುಂಗಭದ್ರೆಯನ್ನೇ ಇಟ್ಟುಕೊಂಡಿದ್ದೇನೆ. ಕಾವೇರಿ, ಭದ್ರಾ ಅಥವಾ ಕಾಳಿ ನದಿಯಲ್ಲಿ ಕೆಲಸ ಮಾಡುವವರು ತಮ್ಮ ಹೊಳೆಗೆ ತಕ್ಕಂತೆ ವಿವರಗಳನ್ನು ಬದಲಿಸಿಕೊಳ್ಳಬಹುದು.

ಎಲ್ಲ ಹಂತಗಳಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಬೇಕು. ಪ್ರಾಣಿ ಕಂಡದ್ದನ್ನು ಎಷ್ಟು ಎಚ್ಚರದಿಂದ ಬರೆದುಕೊಳ್ಳುತ್ತೇವೆಯೋ, ಹುಡುಕಿದರೂ ಕಾಣದಿದ್ದುದನ್ನು ಅಷ್ಟೇ ಎಚ್ಚರದಿಂದ ಬರೆದುಕೊಳ್ಳಬೇಕು. ನಮ್ಮಲ್ಲಿ ಹವ್ಯಾಸಿಗಳು ಸಂಗ್ರಹಿಸಿದ ಬಹುಪಾಲು ಮಾಹಿತಿ ಸಂರಕ್ಷಣೆಯ ತೀರ್ಮಾನಗಳಿಗೆ ಬಳಕೆಯಾಗದೇ ಉಳಿಯಲು ಆಸಕ್ತಿಯ ಕೊರತೆಯಾಗಲಿ ಜ್ಞಾನದ ಕೊರತೆಯಾಗಲಿ ಕಾರಣವಲ್ಲ, ಈ ಒಂದು ಅಭ್ಯಾಸ ಇಲ್ಲದಿರುವುದೇ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆಯನ್ನು ಕಿರಿದಾಗಿಸಿಕೊಳ್ಳುವುದು

"ಈ ನದಿಯಲ್ಲಿ ಎಷ್ಟು ನೀರುನಾಯಿಗಳಿವೆ?" ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಪ್ರಶ್ನೆ. ಅದಕ್ಕೆ ಪ್ರಾಮಾಣಿಕ ಉತ್ತರ ಕೊಡುವುದು ಬಹಳ ಕಷ್ಟ. ಹುಲಿಯ ಮೈಪಟ್ಟೆಗಳು ಒಂದಕ್ಕಿಂತ ಒಂದು ಭಿನ್ನವಾಗಿರುವುದರಿಂದ ಪ್ರಾಣಿ ಹಾದುಹೋದಾಗ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನ ಚಿತ್ರಗಳಲ್ಲಿ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಆ ಮೂಲಕ ಸಂಖ್ಯೆಯನ್ನು ಅಂದಾಜಿಸಬಹುದು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಈ ವಿಧಾನವನ್ನು ನೆಲೆಗೊಳಿಸಿದರು. ನಮ್ಮ ದೊಡ್ಡ ನದಿಗಳ ನಯಗೂದಲಿನ ನೀರುನಾಯಿಯ ಮೈಮೇಲೆ ಅಂಥ ಗುರುತುಗಳಿಲ್ಲ. ಬೆಳಿಗ್ಗೆ ಒಂದು ಮಡುವಿನಲ್ಲಿ ಕಂಡ ಐದು ಪ್ರಾಣಿಗಳೇ ಸಂಜೆ ಎರಡು ಕಿಲೋಮೀಟರ್ ಕೆಳಗೆ ಕಂಡವೋ, ಅವು ಬೇರೆ ಗುಂಪಿನವೋ ಎಂದು ಹೇಳಲಾಗದು. ಹಿಕ್ಕೆಗಳನ್ನು ಎಣಿಸಿ ಪ್ರಾಣಿಗಳ ಸಂಖ್ಯೆಯನ್ನು ಹೇಳುವುದಂತೂ ಸಾಧ್ಯವೇ ಇಲ್ಲ.

ಆದ್ದರಿಂದ ಪ್ರಶ್ನೆಯನ್ನು ಉತ್ತರಿಸಲು ಸಾಧ್ಯವಿರುವ ರೂಪಕ್ಕೆ ತರಬೇಕು: "ಈ 34 ಕಿಲೋಮೀಟರಿನಲ್ಲಿ ಎಷ್ಟು ಪಾಲನ್ನು ನೀರುನಾಯಿಗಳು ಬೇಸಿಗೆಯಲ್ಲಿ ಬಳಸುತ್ತಿವೆ? ದಡದ ಸಸ್ಯಾವರಣ, ಮರಳು ಗಣಿಗಾರಿಕೆ, ಮೀನುಗಾರಿಕೆಯ ಒತ್ತಡ ಇವುಗಳಲ್ಲಿ ಯಾವುದು ಈ ಬಳಕೆಯನ್ನು ಹೆಚ್ಚು ನಿರ್ಧರಿಸುತ್ತಿದೆ?" ಇದಕ್ಕೆ ಸಿಗುವ ಉತ್ತರ ನೇರವಾಗಿ ಕ್ರಮ ಕೈಗೊಳ್ಳಲು ನೆರವಾಗುತ್ತದೆ. ಯಾವ ಅಧಿಕಾರಿ ಅಥವಾ ಯಾವ ಪಂಚಾಯಿತಿ ಈ ಉತ್ತರವನ್ನು ಬಳಸಿ ಯಾವ ತೀರ್ಮಾನ ತೆಗೆದುಕೊಳ್ಳಬಹುದು ಎಂಬುದನ್ನು ಕೆಲಸಕ್ಕೆ ಇಳಿಯುವ ಮೊದಲೇ ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಆ ವಾಕ್ಯ ಬರೆಯಲಾಗದಿದ್ದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ ಎಂದು ತಿಳಿಯಬೇಕು.

ಪ್ರಾಣಿಯನ್ನು ಮತ್ತು ಹೊಳೆಯನ್ನು ಅರಿಯುವುದು

ಕರ್ನಾಟಕದಲ್ಲಿ ಸಮೀಕ್ಷಕರಿಗೆ ಹೆಚ್ಚಾಗಿ ಎದುರಾಗುವ ನೀರುನಾಯಿಗಳು ಎರಡು ಬಗೆಯವು. ನಯಗೂದಲಿನ ನೀರುನಾಯಿ ತುಂಗಭದ್ರಾ, ಕಾವೇರಿಗಳಂಥ ದೊಡ್ಡ ನದಿಗಳಲ್ಲಿ ಗುಂಪಾಗಿ ಬದುಕುತ್ತದೆ, ಮುಖ್ಯವಾಗಿ ಮೀನು ತಿನ್ನುತ್ತದೆ, ಹಗಲಿನಲ್ಲೂ ಓಡಾಡುತ್ತದೆ, ಬೆಳೆದ ಪ್ರಾಣಿ ಸುಮಾರು 7ರಿಂದ 11 ಕಿಲೋ ತೂಗುತ್ತದೆ. ಚಿಕ್ಕ ಉಗುರಿನ ನೀರುನಾಯಿ ಲೋಕದ ಎಲ್ಲ ನೀರುನಾಯಿಗಳಲ್ಲಿ ಗಾತ್ರದಲ್ಲಿ ಅತಿ ಚಿಕ್ಕದು. ಪಶ್ಚಿಮ ಘಟ್ಟದ ಮೇಲ್ಭಾಗದ ತೊರೆಗಳಲ್ಲಿ, ಕಾಫಿ ತೋಟಗಳ ನಡುವಿನ ಹಳ್ಳಗಳಲ್ಲಿ ವಾಸಿಸುತ್ತದೆ, ಏಡಿಯೇ ಅದರ ಮುಖ್ಯ ಆಹಾರ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಎರಡೂ ಅಪಾಯಕ್ಕೀಡಾಗಬಲ್ಲ ವರ್ಗದಲ್ಲಿವೆ. ತುಪ್ಪಳ ಮತ್ತು ಸಾಕುಪ್ರಾಣಿ ವ್ಯಾಪಾರದ ಹಾವಳಿಯಿಂದಾಗಿ 2019ರಲ್ಲಿ ಎರಡನ್ನೂ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ, ಅವುಗಳ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲಾಯಿತು. ಈ ಕಾರಣಕ್ಕಾಗಿಯೇ ಮಾಹಿತಿಯ ಗೋಪ್ಯತೆಯ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ.

ಸಮೀಕ್ಷೆಗೆ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿ ಸೂಕ್ತ. ಮುಂಗಾರಿನಲ್ಲಿ ನದಿ ದಡ ಮೀರಿ ಹರಿಯುವುದರಿಂದ ಮರಳು ದಿಬ್ಬಗಳೂ ಬಂಡೆಗಳೂ ಮುಳುಗುತ್ತವೆ, ಹೆಜ್ಜೆಯಾಗಲಿ ಹಿಕ್ಕೆಯಾಗಲಿ ಉಳಿಯುವುದಿಲ್ಲ. ಆದರೆ ಬೇಸಿಗೆಯಲ್ಲೂ ಒಂದು ತೊಡಕಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಜಲಾಶಯದ ಕೆಳಗಿನ ನದಿಯಲ್ಲಿ ನೀರಿನ ಮಟ್ಟ ಮಳೆಯನ್ನಷ್ಟೇ ಅನುಸರಿಸುವುದಿಲ್ಲ, ಅಣೆಕಟ್ಟೆಯ ಬಾಗಿಲನ್ನೂ ಅನುಸರಿಸುತ್ತದೆ. ಹಿಂದಿನ ರಾತ್ರಿ ನೀರು ಬಿಟ್ಟಿದ್ದರೆ ತಗ್ಗಿನ ಮರಳಿನ ಮೇಲಿನ ಗುರುತುಗಳೆಲ್ಲ ತೊಳೆದುಹೋಗಿರುತ್ತವೆ. ಮರುದಿನ ಬೆಳಿಗ್ಗೆ ಅಲ್ಲಿ ನಡೆದವರು "ನೀರುನಾಯಿ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ. ಹಾಗಾಗಿ ನೀರಾವರಿ ಇಲಾಖೆಯಿಂದ ನೀರು ಬಿಡುಗಡೆಯ ವಿವರವನ್ನು ಪಡೆಯುತ್ತಿರಬೇಕು, ಮಟ್ಟ ಏರಿ ಇಳಿದ ನಂತರ ಕನಿಷ್ಠ ನಾಲ್ಕೈದು ದಿನ ಬಿಟ್ಟು ನಡೆಯಬೇಕು, ಮತ್ತು ನೀರು ಇಳಿದು ಎಷ್ಟು ದಿನವಾಯಿತು ಎಂಬುದಕ್ಕೆ ದಾಖಲೆ ಹಾಳೆಯಲ್ಲಿ ಒಂದು ಕಾಲಂ ಇಡಬೇಕು. ದಡದ ಬಂಡೆಗಳಲ್ಲಿ ಒದ್ದೆಯ ಕಪ್ಪು ಗೆರೆ ಎಷ್ಟು ಎತ್ತರಕ್ಕಿದೆ ಎಂದು ನೋಡಿದರೆ ಇಲಾಖೆಯ ಅಂಕಿ ಸಿಗದ ದಿನಗಳಲ್ಲೂ ಅಂದಾಜು ಮಾಡಬಹುದು.

ಅನುಮತಿ ಮತ್ತು ಊರಿನವರ ಒಪ್ಪಿಗೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 28ನೇ ಕಲಮಿನಂತೆ ಅಭಯಾರಣ್ಯದೊಳಗೆ ವನ್ಯಜೀವಿಗಳ ಅಧ್ಯಯನಕ್ಕಾಗಿ ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಅನ್ವಯ. ಸಂರಕ್ಷಣಾ ಮೀಸಲು ಪ್ರದೇಶದಲ್ಲಿ ಕೆಲಸ ಮಾಡುವಾಗಲೂ, ಯಾವ ರಕ್ಷಣೆಯೂ ಇಲ್ಲದ ಹೊಳೆಯಲ್ಲಿ ಕೆಲಸ ಮಾಡುವಾಗಲೂ ಸ್ಥಳೀಯ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪತ್ರ ಪಡೆಯುವುದು ಒಳ್ಳೆಯದು. ಹಿಕ್ಕೆಯ ಮಾದರಿ ಸಂಗ್ರಹಿಸುವುದು, ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು, ಡ್ರೋನ್ ಹಾರಿಸುವುದು ಇವುಗಳಿಗೆ ಪ್ರತ್ಯೇಕವಾಗಿ ಅನುಮತಿ ಕೇಳಬೇಕು. ಹಂಪಿಯ ಆಸುಪಾಸು ವಿಶ್ವ ಪರಂಪರೆಯ ತಾಣವಾದ್ದರಿಂದ ಅಲ್ಲಿ ಪುರಾತತ್ವ ಮತ್ತು ಪರಂಪರೆ ಸಂಬಂಧಿತ ಕಚೇರಿಗಳಿಗೂ ತಿಳಿಸಬೇಕಾಗುತ್ತದೆ. ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಡಿಸೆಂಬರ್‌ನಲ್ಲಿ ನಡೆಯಬೇಕೆಂದಿದ್ದರೆ ಮುಂಗಾರಿನ ಆರಂಭದಲ್ಲೇ ಅರ್ಜಿ ಸಲ್ಲಿಸಿ.

ಕಾನೂನಿನ ಅನುಮತಿಯಷ್ಟೇ ಮುಖ್ಯವಾದುದು ನದಿಯನ್ನೇ ನಂಬಿ ಬದುಕುವವರ ಒಪ್ಪಿಗೆ. ನೀರುನಾಯಿಗಳು ಬಲೆ ಹರಿದು ಸಿಕ್ಕ ಮೀನನ್ನು ಎಳೆದುಕೊಂಡು ಹೋಗುತ್ತವೆ, ಅದು ಮೀನುಗಾರನಿಗೆ ನಿಜವಾದ ನಷ್ಟ. ಆ ನಷ್ಟವನ್ನು ಕೇಳಿಸಿಕೊಳ್ಳದೆ "ನಾವು ನೀರುನಾಯಿ ಉಳಿಸಲು ಬಂದಿದ್ದೇವೆ" ಎಂದು ಹೋದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಹರಿಗೋಲು ನಡೆಸುವವರನ್ನು ಕೂಲಿ ಕೊಟ್ಟು ತಂಡದ ಸದಸ್ಯರನ್ನಾಗಿ ಮಾಡಿಕೊಳ್ಳಿ. ಯಾವ ನಡುಗಡ್ಡೆಯ ಯಾವ ಮಗ್ಗುಲಲ್ಲಿ ಮರಿಗಳು ಆಡುತ್ತವೆ, ಯಾವ ಮಡುವಿನಲ್ಲಿ ಮೊಸಳೆಯಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೆಲಸದ ಉದ್ದೇಶವನ್ನು ತಿಳಿಸಿರಿ. ಜೀವವೈವಿಧ್ಯ ಕಾಯ್ದೆ, 2002ರ ಅಡಿಯಲ್ಲಿ ರಚನೆಯಾಗುವ ಈ ಸಮಿತಿಗಳು ತಯಾರಿಸುವ ಜನತಾ ಜೀವವೈವಿಧ್ಯ ದಾಖಲಾತಿಗೆ ನಿಮ್ಮ ಮಾಹಿತಿ ಮುಂದೆ ಸೇರಬಹುದು.

ನಕ್ಷೆ ಮತ್ತು ಸಮೀಕ್ಷಾ ತುಂಡುಗಳು

ಉಪಗ್ರಹ ಚಿತ್ರದ ಮೇಲೆ ನದಿಯ ಎರಡೂ ದಡಗಳನ್ನು ಗುರುತಿಸಿ, ಹರಿವನ್ನು ಸಮಾನ ಉದ್ದದ ತುಂಡುಗಳಾಗಿ ವಿಂಗಡಿಸಿ. ನಕ್ಷೆ ತಯಾರಿಸುವ ಕ್ಯುಜಿಐಎಸ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. 34 ಕಿಲೋಮೀಟರನ್ನು ಎರಡೆರಡು ಕಿಲೋಮೀಟರಾಗಿ ಒಡೆದರೆ 17 ತುಂಡುಗಳಾಗುತ್ತವೆ. ನೀರುನಾಯಿಗಳ ಗುಂಪೊಂದು ಹಲವು ಕಿಲೋಮೀಟರ್ ಹರಿವನ್ನು ಬಳಸುವುದರಿಂದ ಇಷ್ಟು ಚಿಕ್ಕ ತುಂಡುಗಳಲ್ಲಿ ಒಂದೇ ಗುಂಪಿನ ಗುರುತು ಅಕ್ಕಪಕ್ಕದ ತುಂಡುಗಳಲ್ಲೂ ಸಿಗುತ್ತದೆ. ಆದ್ದರಿಂದ ಉತ್ತರವನ್ನು "ಎಷ್ಟು ಗುಂಪುಗಳಿವೆ" ಎಂದು ಓದದೆ "ಎಷ್ಟು ಪಾಲು ನದಿ ಬಳಕೆಯಲ್ಲಿದೆ" ಎಂದೇ ಓದಬೇಕು. ಇಡೀ ನದೀಪಾತ್ರದ ಸಮೀಕ್ಷೆಯಾದರೆ ತುಂಡುಗಳ ಉದ್ದವನ್ನು ಹತ್ತು ಕಿಲೋಮೀಟರಿಗೂ ಹೆಚ್ಚಿಸಿಕೊಳ್ಳಬಹುದು.

ಎಲ್ಲ ತುಂಡುಗಳನ್ನೂ ನಡೆಯಲು ಸಾಧ್ಯವಿಲ್ಲದಿದ್ದರೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದುಕೊಳ್ಳಿ. ದಾರಿ ಚೆನ್ನಾಗಿದೆ, ನೋಟ ಚೆನ್ನಾಗಿದೆ, ಹಿಂದೊಮ್ಮೆ ನೀರುನಾಯಿ ಕಂಡಿತ್ತು ಎಂಬ ಕಾರಣಗಳಿಗೆ ತುಂಡನ್ನು ಆಯ್ದುಕೊಂಡರೆ ಫಲಿತಾಂಶ ಆಗಲೇ ಒಂದು ಕಡೆಗೆ ವಾಲಿರುತ್ತದೆ. ಮರಳು ತೆಗೆದು ಹಾಳಾದ ದಡ, ಚರಂಡಿ ನೀರು ಸೇರುವ ಜಾಗ, ಕಸ ಸುರಿಯುವ ಏರಿ ಇವೂ ಆಯ್ಕೆಯಲ್ಲಿ ಬರಲೇಬೇಕು.

ಪ್ರತಿ ತುಂಡಿಗೆ ಒಂದು ಋತುವಿನಲ್ಲಿ ಕನಿಷ್ಠ ಮೂರು ಭೇಟಿಗಳನ್ನು ಯೋಜಿಸಿ. ಒಂದು ಭೇಟಿಯಲ್ಲಿ ಗುರುತು ಸಿಗದಿರಲು ಪ್ರಾಣಿ ಇಲ್ಲದಿರುವುದು ಕಾರಣವಿರಬಹುದು, ಇದ್ದೂ ನಮ್ಮ ಕಣ್ಣಿಗೆ ಬೀಳದಿರುವುದೂ ಕಾರಣವಿರಬಹುದು. ಈ ಎರಡನ್ನು ಬೇರ್ಪಡಿಸಲು ಮರುಭೇಟಿಯ ಹೊರತು ಬೇರೆ ಸುಲಭ ದಾರಿಯಿಲ್ಲ. ಭೇಟಿಗಳನ್ನು ಬೇರೆಬೇರೆ ಜೋಡಿಗಳು ಮಾಡಿದರೆ, ಮೊದಲ ಬಾರಿ ಕಂಡ ಜಾಗಕ್ಕೇ ನೇರವಾಗಿ ನಡೆದುಹೋಗುವ ಪ್ರವೃತ್ತಿ ತಪ್ಪುತ್ತದೆ.

ಗುರುತುಗಳನ್ನು ಓದಲು ಕಲಿಯುವುದು

ನದಿಗಿಳಿಯುವ ಮೊದಲು ಇಡೀ ತಂಡ ಒಟ್ಟಾಗಿ, ನೀರುನಾಯಿ ಇದೆಯೆಂದು ಖಚಿತವಾಗಿ ಗೊತ್ತಿರುವ ಮೂರು ನಾಲ್ಕು ಜಾಗಗಳಲ್ಲಿ ತರಬೇತಿ ಪಡೆಯಬೇಕು.

ನೀರುನಾಯಿಗಳು ಹಿಕ್ಕೆ ಹಾಕಲು ಒಂದೇ ಜಾಗವನ್ನು ಮತ್ತೆ ಮತ್ತೆ ಬಳಸುತ್ತವೆ. ನೀರಿಗೆ ಚಾಚಿಕೊಂಡ ಚಪ್ಪಟೆ ಬಂಡೆ, ನಡುಗಡ್ಡೆಯ ತುದಿಯ ಎತ್ತರದ ಮರಳು, ಎರಡು ಕವಲುಗಳು ಕೂಡುವ ಮೂಲೆ ಇಂಥ ಕಡೆ ಮೊದಲು ನೋಡಿ. ಅಂಥದ್ದೊಂದು ಬಂಡೆಯ ಬಳಿ ಕುಳಿತು ನೋಡಿದರೆ ಹಲವು ದಿನಗಳ ಲೆಕ್ಕ ಒಂದೇ ಕಡೆ ಸಿಗುತ್ತದೆ. ಆ ದಿನದ ಹಿಕ್ಕೆ ಕಪ್ಪು ಹಸಿರು ಬಣ್ಣದಲ್ಲಿ ಲೋಳೆಯಾಗಿ ಹರಡಿರುತ್ತದೆ, ಮೀನಿನ ಕಟು ವಾಸನೆ ನಾಲ್ಕು ಹೆಜ್ಜೆ ದೂರದಿಂದಲೇ ಮೂಗಿಗೆ ಹೊಡೆಯುತ್ತದೆ. ಕೆಲವು ದಿನ ಹಳೆಯದು ಬೂದು ಬಣ್ಣಕ್ಕೆ ತಿರುಗಿ ಮೇಲೆ ಒಣಗಿದ್ದರೂ ಕಡ್ಡಿಯಿಂದ ಕದಡಿದರೆ ಒಳಗೆ ಇನ್ನೂ ತೇವವಿರುತ್ತದೆ. ತೀರ ಹಳೆಯದರಲ್ಲಿ ಲೋಳೆಯೆಲ್ಲ ಹೋಗಿ, ಬಿಸಿಲಿಗೆ ಬಿಳಿಚಿದ ಮೀನಿನ ಹುರುಪೆ ಮತ್ತು ಸೂಜಿಯಂಥ ಮುಳ್ಳುಗಳ ಪುಡಿ ಮಾತ್ರ ಉಳಿದಿರುತ್ತದೆ, ಜೋರು ಗಾಳಿಗೆ ಅದೂ ಹಾರಿಹೋಗುತ್ತದೆ. ಪಕ್ಕದ ಮರಳಿನಲ್ಲಿ ಮೈ ಒಣಗಿಸಿಕೊಳ್ಳಲು ಹೊರಳಾಡಿದ ತಗ್ಗು, ಅಲ್ಲಿಂದ ನೀರಿಗೆ ಜಾರಿದ ಹಾದಿ ಕಾಣುತ್ತದೆ. ತಾಜಾ, ಹಳೆಯದು, ಅತಿ ಹಳೆಯದು ಎಂಬ ಮೂರೇ ವರ್ಗಗಳನ್ನು ಇಟ್ಟುಕೊಳ್ಳಿ. ದಿನಗಳ ಲೆಕ್ಕದಲ್ಲಿ ವಯಸ್ಸು ಹೇಳಲು ಹೋಗಬೇಡಿ, ಬಿಸಿಲು ಮತ್ತು ನೆರಳು ಆ ಲೆಕ್ಕವನ್ನು ಕೆಡಿಸುತ್ತವೆ.

ಹೆಜ್ಜೆ ಗುರುತಿನಲ್ಲಿ ಐದು ಬೆರಳುಗಳಿರುತ್ತವೆ. ಹದವಾದ ಕೆಸರಿನಲ್ಲಿ ಬೆರಳುಗಳ ನಡುವಿನ ಜಾಲಪೊರೆಯ ಅಚ್ಚೂ ಮೂಡುತ್ತದೆ. ನಾಯಿ, ನರಿಗಳದ್ದು ನಾಲ್ಕೇ ಬೆರಳು. ಉಡದ ಜಾಡಿನಲ್ಲಿ ಬಾಲ ಎಳೆದ ಗೆರೆಯೂ ಉದ್ದ ಉಗುರುಗಳ ಗೀರೂ ಇರುತ್ತವೆ. ಬೆಳಿಗ್ಗೆ ಒಂಬತ್ತರ ಒಳಗೆ, ಬಿಸಿಲು ಓರೆಯಾಗಿ ಬೀಳುವಾಗ ಹೆಜ್ಜೆಗಳು ಎದ್ದು ಕಾಣುತ್ತವೆ. ನೆತ್ತಿಯ ಬಿಸಿಲಿನಲ್ಲಿ ಅದೇ ಮರಳು ಬರಿದಾಗಿ ಕಾಣುತ್ತದೆ. ಘಟ್ಟದ ತೊರೆಗಳಲ್ಲಿ ಇನ್ನೊಂದು ಎಚ್ಚರ ಬೇಕು: ಕತ್ತುಪಟ್ಟೆಯ ಮುಂಗುಸಿಯೂ ಏಡಿ ತಿನ್ನುವುದರಿಂದ ಏಡಿಚಿಪ್ಪು ತುಂಬಿದ ಹಿಕ್ಕೆಯನ್ನು ಕಂಡೊಡನೆ ಚಿಕ್ಕ ಉಗುರಿನ ನೀರುನಾಯಿಯದೆಂದು ಬರೆಯಬಾರದು, ಒಂದೇ ಕಡೆ ರಾಶಿಯಾಗಿದೆಯೇ, ತುಳಿದು ಹರಡಲಾಗಿದೆಯೇ, ಹತ್ತಿರ ಹೆಜ್ಜೆಯಿದೆಯೇ ಎಂದು ನೋಡಬೇಕು. ಗುರುತು ಖಚಿತವಿಲ್ಲದಿದ್ದರೆ "ಅನುಮಾನ" ಎಂದೇ ದಾಖಲಿಸಿ, ಅಳತೆ ಪಟ್ಟಿ ಇಟ್ಟು ಫೋಟೋ ತೆಗೆದು, ವಿಶ್ಲೇಷಣೆಯಿಂದ ಹೊರಗಿಡಿ.

ತರಬೇತಿಯ ಕೊನೆಯಲ್ಲಿ ಇಬ್ಬರು ಅರ್ಧ ಗಂಟೆಯ ಅಂತರದಲ್ಲಿ ಒಂದೇ ದಡವನ್ನು ಪ್ರತ್ಯೇಕವಾಗಿ ನಡೆದು ಬರೆಯಲಿ. ಇಬ್ಬರ ಹಾಳೆಗಳನ್ನು ಹೋಲಿಸಿದಾಗ ಯಾರ ಕಣ್ಣು ಎಲ್ಲಿ ತಪ್ಪುತ್ತದೆ ಎಂಬುದು ತಿಳಿಯುತ್ತದೆ.

ನಡಿಗೆಯ ದಿನ

ಇಬ್ಬರ ಜೋಡಿ ಒಂದು ದಡ ಹಿಡಿದು ನೀರಂಚಿನಿಂದ ಹತ್ತು ಮೀಟರ್ ಅಗಲದ ಪಟ್ಟಿಯಲ್ಲಿ ನಿಧಾನವಾಗಿ ನಡೆಯಬೇಕು. ಒಬ್ಬರು ಹುಡುಕಿ, ಇನ್ನೊಬ್ಬರು ಬರೆಯಬೇಕು. ಮತ್ತೊಂದು ಜೋಡಿ ಎದುರು ದಡದಲ್ಲಿ, ಮೂರನೆಯದು ಹರಿಗೋಲಿನಲ್ಲಿ ನಡುಗಡ್ಡೆಗಳನ್ನು ನೋಡುತ್ತಾ ಸಾಗಬಹುದು. ಆರಂಭದ ಸಮಯ, ಮುಗಿದ ಸಮಯ, ನಡೆದ ದೂರ ಮತ್ತು ಜಿಪಿಎಸ್ ಜಾಡನ್ನು ತಪ್ಪದೆ ಉಳಿಸಿಕೊಳ್ಳಿ. ಗುರುತು ಸಿಕ್ಕ ಕಡೆ ಅದರ ಬಗೆ, ತಾಜಾತನ, ನೆಲದ ಸ್ವರೂಪ, ನೀರಿನಿಂದ ದೂರ, ಜಿಪಿಎಸ್ ಬಿಂದು ಮತ್ತು ಫೋಟೋ ಸಂಖ್ಯೆ ಬರೆಯಬೇಕು. ಪ್ರಾಣಿಗಳೇ ಕಂಡರೆ ಅವುಗಳ ಕನಿಷ್ಠ ಸಂಖ್ಯೆ, ಮರಿಗಳಿವೆಯೇ, ಏನು ಮಾಡುತ್ತಿದ್ದವು ಎಂಬುದನ್ನು ಬರೆದು ಮುಂದೆ ಸಾಗಬೇಕು. ಬಿಲದ ಬಾಯಿಗೆ ಹತ್ತಿರ ಹೋಗುವುದು, ಮರಿಗಳ ಫೋಟೋಗಾಗಿ ಕಾದು ಕೂರುವುದು ಸಮೀಕ್ಷೆಯ ಭಾಗವಲ್ಲ. ತಾಯಿ ಬೆದರಿ ಮರಿಗಳನ್ನು ಬೇರೆಡೆ ಸಾಗಿಸಿದರೆ ಆ ಮರಿಗಳು ಉಳಿಯುವುದೇ ಅನುಮಾನ. ಯಾವ ಚಿತ್ರಕ್ಕೂ ಅಷ್ಟು ಬೆಲೆಯಿಲ್ಲ.

ದಾಖಲೆ ಹಾಳೆಯಲ್ಲಿ ಸೊನ್ನೆ, ಖಾಲಿ ಮತ್ತು "ನೋಡಲಾಗಲಿಲ್ಲ" ಎಂಬ ಮೂರೂ ಬೇರೆಬೇರೆ. ಹುಡುಕಿದೆವು, ಸಿಗಲಿಲ್ಲ ಎಂದಾದರೆ 0 ಬರೆಯಬೇಕು. ದಡಕ್ಕೆ ಬೇಲಿ ಹಾಕಿದ್ದರಿಂದ ಹೋಗಲಾಗಲಿಲ್ಲ ಎಂದಾದರೆ "ನೋಡಲಾಗಲಿಲ್ಲ" ಎಂದೇ ಬರೆಯಬೇಕು. ಹಾಳೆಯಲ್ಲಿ ಖಾಲಿ ಬಿಟ್ಟ ಚೌಕ ಅಂದರೆ ಬರೆಯಲು ಮರೆತಿದ್ದಾರೆ ಎಂದರ್ಥ, ಅದನ್ನು ಅದೇ ಸಂಜೆ ಕೇಳಿ ಸರಿಪಡಿಸಬೇಕು. ಈ ಮೂರನ್ನು ಕಲಸಿಬಿಟ್ಟರೆ ಮುಂದೆ ಯಾವ ಗಣಿತವೂ ಅವುಗಳನ್ನು ಬೇರ್ಪಡಿಸಿಕೊಡಲಾರದು.

ಆವಾಸದ ಅಳತೆ

ಹಿಕ್ಕೆ ಸಿಕ್ಕ ಕಡೆ ಮಾತ್ರ ಆವಾಸವನ್ನು ಅಳೆಯುವುದು ಸಾಮಾನ್ಯವಾಗಿ ಕಾಣುವ ದೋಷ. ಹತ್ತು ಹಿಕ್ಕೆ ತಾಣಗಳಲ್ಲಿ ಎಂಟು ಬಂಡೆಗಳ ಮೇಲಿವೆ ಎಂದುಕೊಳ್ಳೋಣ. ಆ ನದಿಯ ದಡದಲ್ಲಿ ನೂರಕ್ಕೆ ಎಂಬತ್ತು ಪಾಲು ಬಂಡೆಯೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಗುರುತು ಸಿಗಲಿ ಬಿಡಲಿ, ಪ್ರತಿ 250 ಮೀಟರಿಗೊಮ್ಮೆ ನಿಂತು ಅದೇ ಅಂಶಗಳನ್ನು ಅಳೆಯಬೇಕು: ದಡ ಬಂಡೆಯೋ ಮರಳೋ ಕೆಸರೋ ಕಲ್ಲುಕಟ್ಟಡವೋ, ಹೊಳೆಮತ್ತಿ, ಹೊಂಗೆ, ಜೊಂಡು, ಆಪು ಇಂಥ ಸಸ್ಯಗಳು ದಡವನ್ನು ನೂರರಲ್ಲಿ ಎಷ್ಟು ಪಾಲು ಮುಚ್ಚಿವೆ, ನದಿಯ ಅಗಲ, ಮಡುವೋ ಹರಿಯುವ ಜಾಗವೋ, ಕಣ್ಣಿಗೆ ಕಾಣುವ ಬಲೆಗಳು, ಪಂಪ್‌ಸೆಟ್ಟುಗಳು, ಮರಳು ತೆಗೆದ ಗುಂಡಿಗಳು, ಬೀದಿನಾಯಿಗಳು, ಜನ, ಹರಿಗೋಲುಗಳು. ಊರಿನಿಂದ ಇರುವ ದೂರವನ್ನು ನಂತರ ನಕ್ಷೆಯಲ್ಲೇ ಅಳೆಯಬಹುದು. ಸಸ್ಯಾವರಣದ ಪಾಲನ್ನು ಕಣ್ಣಂದಾಜಿನಲ್ಲಿ ಹೇಳುವಾಗ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗುತ್ತದೆ, ಹಾಗಾಗಿ 0–25, 26–50, 51–75, 76–100 ಎಂಬ ನಾಲ್ಕು ವರ್ಗಗಳಿಗೆ ತೃಪ್ತರಾಗಿ.

ಕ್ಯಾಮೆರಾ ಟ್ರ್ಯಾಪ್

ಕ್ಯಾಮೆರಾ ಈ ಕೆಲಸಕ್ಕೆ ಅನಿವಾರ್ಯವಲ್ಲ. ಗುಂಪಿನ ಗಾತ್ರ, ಮರಿಗಳ ಇರುವಿಕೆ, ದಿನದ ಯಾವ ಹೊತ್ತಿನಲ್ಲಿ ಬರುತ್ತವೆ ಎಂಬುದನ್ನು ತಿಳಿಯಲು ಮಾತ್ರ ಉಪಯುಕ್ತ. ಈ ಕ್ಯಾಮೆರಾಗಳು ಸುತ್ತಲಿನ ಶಾಖಕ್ಕಿಂತ ಭಿನ್ನವಾದ ಶಾಖ ಚಲಿಸಿದಾಗ ಚಿತ್ರ ತೆಗೆಯುತ್ತವೆ. ನೀರಿನಿಂದ ಆಗಷ್ಟೇ ಎದ್ದು ಬಂದ ನೀರುನಾಯಿಯ ಒದ್ದೆ ತುಪ್ಪಳದ ಹೊರಮೈ ತಣ್ಣಗಿರುವುದರಿಂದ ಅದು ಎದುರಿಗೇ ಹಾದುಹೋದರೂ ಕ್ಯಾಮೆರಾ ಎಚ್ಚರಗೊಳ್ಳದಿರಬಹುದು. ಹಾಗಾಗಿ ನೀರಂಚಿಗೆ ಗುರಿಯಿಡುವ ಬದಲು ಅವು ಹೊರಳಾಡಿ ಮೈ ಒಣಗಿಸಿಕೊಳ್ಳುವ ಮರಳಿಗೆ, ಮೂರು ನಾಲ್ಕು ಮೀಟರ್ ದೂರದಿಂದ, ಮೊಣಕಾಲಿನ ಎತ್ತರದಲ್ಲಿ ಗುರಿಯಿಡಬೇಕು. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಮಾಡದಂತೆ ನೋಡಿಕೊಂಡು, ಗಡಿಯಾರದ ಸಮಯ ಸರಿಪಡಿಸಿ, ಅಡ್ಡ ಬರುವ ಹುಲ್ಲನ್ನು ಬಾಗಿಸಿ ಕಟ್ಟಬೇಕು. ಸ್ನಾನಘಟ್ಟ, ಬಟ್ಟೆ ಒಗೆಯುವ ಜಾಗಗಳ ಹತ್ತಿರ ಕ್ಯಾಮೆರಾ ಇಡಲೇಬಾರದು; ಜನರ ಚಿತ್ರಗಳು ಬಂದರೆ ಯಾರಿಗೂ ತೋರಿಸದೆ ಅಳಿಸುವ ನಿಯಮವನ್ನು ತಂಡ ಮೊದಲೇ ಬರೆದಿಟ್ಟುಕೊಂಡು ಊರಿನವರಿಗೆ ತಿಳಿಸಬೇಕು.

ಮೀನುಗಾರರೊಡನೆ ಮಾತುಕತೆ

ಸಂದರ್ಶನವನ್ನು ಪ್ರಶ್ನಾವಳಿಯಂತೆ ಒಪ್ಪಿಸದೆ, ಹೊಳೆಯ ಮಾತಿನಿಂದ ಶುರು ಮಾಡಿ: ಈ ವರ್ಷ ಯಾವ ಮೀನು ಬಿತ್ತು, ಯಾವುದು ಈಗ ಸಿಗುತ್ತಿಲ್ಲ, ಬಲೆ ಹೇಗೆ ಹರಿಯಿತು. ನಂತರ ಪ್ರಾಣಿಗಳ ಚಿತ್ರಗಳನ್ನು ತೋರಿಸಿ ಯಾವುದನ್ನು ಎಲ್ಲಿ, ಯಾವಾಗ ಕಂಡಿರಿ ಎಂದು ಕೇಳಿ. ಆ ಚಿತ್ರಗಳ ನಡುವೆ ಈ ನಾಡಿನಲ್ಲಿ ಇಲ್ಲವೇ ಇಲ್ಲದ ಒಂದು ಪ್ರಾಣಿಯ ಚಿತ್ರವನ್ನೂ ಇಡಬೇಕು. ಅದನ್ನೂ ಕಂಡಿದ್ದೇನೆ ಎಂದವರ ಉಳಿದ ಉತ್ತರಗಳಿಗೆ ಕಡಿಮೆ ತೂಕ ಕೊಡಬಹುದು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು ನೀರುನಾಯಿಗೂ, ಮೀನಿನ ಸಂತತಿಗೂ ದೊಡ್ಡ ಹೊಡೆತ, ಆದರೆ "ನೀವು ಮದ್ದು ಹಾಕುತ್ತೀರಾ" ಎಂದು ಯಾರನ್ನೂ ಕೇಳಬಾರದು. ನದಿಯ ಯಾವ ಭಾಗದಲ್ಲಿ ಸದ್ದು ಕೇಳುತ್ತದೆ ಎಂದು ಕೇಳಿದರೆ ಬೇಕಾದ ಮಾಹಿತಿ ಸಿಗುತ್ತದೆ, ಯಾರ ಮೇಲೂ ಆರೋಪ ಬರುವುದಿಲ್ಲ. ಉತ್ತರ ಕೊಟ್ಟವರ ಹೆಸರು, ಫೋನ್ ಸಂಖ್ಯೆಗಳನ್ನು ಉತ್ತರಗಳ ಹಾಳೆಯಲ್ಲಿ ಬರೆಯದೆ ಸಂಕೇತ ಸಂಖ್ಯೆ ಕೊಡಿ.

ಸುರಕ್ಷತೆ

ಹರಿಗೋಲಿನಲ್ಲಿ ಎಲ್ಲರೂ ಲೈಫ್ ಜಾಕೆಟ್ ಧರಿಸಬೇಕು, ಈಜು ಬಲ್ಲವರೂ ಸಹ. ಜಲಾಶಯದ ಕೆಳಗೆ ನೀರು ಏಕಾಏಕಿ ಏರಬಹುದಾದ್ದರಿಂದ ನಡುಗಡ್ಡೆಯಲ್ಲಿ ಒಬ್ಬರೇ ಇಳಿಯಬಾರದು. ಮೊಸಳೆಗಳಿರುವ ಮಡುಗಳಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ. ಹಿಕ್ಕೆಯನ್ನು ಬರಿಗೈಯಿಂದ ಮುಟ್ಟಬಾರದು. ಗಾಯವಿರುವ ಕಾಲಿನಿಂದ ನಿಂತ ನೀರು, ಕೆಸರಿನಲ್ಲಿ ನಡೆದರೆ ಇಲಿಜ್ವರದ ಅಪಾಯವಿದೆ. ಮಲೆನಾಡಿನ ತೊರೆಗಳಲ್ಲಿ ಕೆಲಸ ಮಾಡುವವರು ಮಂಗನ ಕಾಯಿಲೆಯನ್ನು ಗಂಭೀರವಾಗಿ ಪರಿಗಣಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣ್ಣೆಗಳಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚಾಗಿರುತ್ತದೆ. ಅಂದರೆ ಸಮೀಕ್ಷೆಗೆ ಸೂಕ್ತವಾದ ಕಾಲವೇ ರೋಗದ ಕಾಲವೂ ಹೌದು. ಹೊರಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣ್ಣೆ ನಿವಾರಕ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು, ಸಂಜೆ ಮೈ ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಲೆಕ್ಕ ಹಾಕುವುದು

ಪ್ರತಿ ಸಂಜೆ ಹಾಳೆಗಳ ಫೋಟೋ ತೆಗೆದು, ಮಾಹಿತಿಯನ್ನು ಕಂಪ್ಯೂಟರಿಗೆ ಸೇರಿಸಿ, ಎರಡು ಕಡೆ ಪ್ರತಿ ಇಡಿ. ಒಡಿಕೆ ಕಲೆಕ್ಟ್ ಅಥವಾ ಕೋಬೊ ಟೂಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶಗಳಲ್ಲಿ ಕನ್ನಡದಲ್ಲೇ ನಮೂನೆ ತಯಾರಿಸಿ ಮೊಬೈಲಿನಲ್ಲಿ ತುಂಬಬಹುದು, ಆದರೂ ಕಾಗದದ ಹಾಳೆಯನ್ನು ಬಿಡಬೇಡಿ.

ಲೆಕ್ಕದ ತಿರುಳನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. 17 ತುಂಡುಗಳಲ್ಲಿ 9ರಲ್ಲಿ ಗುರುತು ಸಿಕ್ಕಿತು ಎಂದರೆ 53 ಪ್ರತಿಶತ ಎಂದು ಬರೆದುಬಿಡಲು ಮನಸ್ಸಾಗುತ್ತದೆ. ಆದರೆ ನೀರುನಾಯಿ ಇರುವ ತುಂಡಿನಲ್ಲಿ ಒಂದು ಭೇಟಿಗೆ ಗುರುತು ಸಿಗುವ ಸಂಭವನೀಯತೆ 0.4 ಎಂದಾದರೆ, ಒಂದು ಭೇಟಿಯಲ್ಲಿ ತಪ್ಪುವ ಸಂಭವನೀಯತೆ 0.6, ಮೂರು ಭೇಟಿಗಳಲ್ಲೂ ತಪ್ಪುವುದು 0.6ರ ಘನ, ಅಂದರೆ ಸುಮಾರು 0.22. ನೀರುನಾಯಿ ಇರುವ ನೂರು ತುಂಡುಗಳಲ್ಲಿ 22ನ್ನು ನಾವು "ಇಲ್ಲ" ಎಂದು ತಪ್ಪಾಗಿ ಬರೆದಿರುತ್ತೇವೆ. ಒಮ್ಮೆಯಾದರೂ ಗುರುತು ಸಿಗುವ ಸಂಭವನೀಯತೆ ಉಳಿದ 0.78, ಹಾಗಾಗಿ 0.53ನ್ನು 0.78ರಿಂದ ಭಾಗಿಸಿದರೆ ನಿಜವಾದ ಪಾಲು 68 ಪ್ರತಿಶತದ ಆಸುಪಾಸಿನಲ್ಲಿದೆ ಎಂಬ ಅಂದಾಜು ಸಿಗುತ್ತದೆ. ಪತ್ತೆ ಸಂಭವನೀಯತೆಯನ್ನೂ ಬಳಕೆಯ ಪಾಲನ್ನೂ ಮರುಭೇಟಿಗಳ ಮಾಹಿತಿಯಿಂದಲೇ ಒಟ್ಟಿಗೆ ಅಂದಾಜಿಸುವ ಆಕ್ಯುಪೆನ್ಸಿ ಮಾದರಿಯನ್ನು ಮೆಕೆಂಝಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ 'ಆರ್' ಎಂಬ ಕಂಪ್ಯೂಟರ್ ಭಾಷೆಯ 'ಅನ್‌ಮಾರ್ಕ್ಡ್' ಪ್ಯಾಕೇಜಿನಲ್ಲಿ ಅದನ್ನು ಯಾರಾದರೂ ಬಳಸಬಹುದು. ಮರುಭೇಟಿ ಮಾಡುವ ಬದಲು ಒಂದೇ ನಡಿಗೆಯನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದುಕೊಂಡರೆ, ಅಕ್ಕಪಕ್ಕದ ಭಾಗಗಳ ಗುರುತುಗಳು ಒಂದಕ್ಕೊಂದು ನಂಟಿರುವುದರಿಂದ ಸಾದಾ ಮಾದರಿ ತಪ್ಪು ಉತ್ತರ ಕೊಡುತ್ತದೆ. ಕರ್ನಾಟಕದ ಕಾಡುಹಾದಿಗಳ ಹುಲಿ ಸಮೀಕ್ಷೆಯಲ್ಲಿ ಎದುರಾದ ಈ ತೊಡಕಿಗೆ 2010ರಲ್ಲಿ ಪರಿಹಾರ ಮಾದರಿಯೊಂದು ಪ್ರಕಟವಾಗಿದೆ, ಅಂಥ ಮಾಹಿತಿಗೆ ಅದನ್ನೇ ಬಳಸಬೇಕು.

17 ತುಂಡುಗಳ ಮಾಹಿತಿಯಿಂದ ಹತ್ತು ಕಾರಣಗಳನ್ನು ಒಟ್ಟಿಗೆ ಪರೀಕ್ಷಿಸಲಾಗದು ಎಂಬುದನ್ನೂ ನೆನಪಿಡಿ. ಮೊದಲೇ ಊಹಿಸಿದ ಎರಡು ಮೂರು ಕಾರಣಗಳಿಗೆ ಸೀಮಿತರಾಗಿ, ಅಂದಾಜಿನ ಜೊತೆಗೆ ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಕಡ್ಡಾಯವಾಗಿ ಬರೆಯಿರಿ.

ವರದಿ ಮತ್ತು ಗೋಪ್ಯತೆ

ಬಿಲಗಳ ಮತ್ತು ಹಿಕ್ಕೆ ತಾಣಗಳ ನಿಖರ ಬಿಂದುಗಳನ್ನು ಸಾರ್ವಜನಿಕ ವರದಿಯಲ್ಲಾಗಲಿ, ಸಾಮಾಜಿಕ ಜಾಲತಾಣಗಳಲ್ಲಾಗಲಿ ಹಾಕಬಾರದು. ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳು ಅಪಾಯದಲ್ಲಿರುವ ಪ್ರಾಣಿಗಳ ಜಾಗವನ್ನು ತಾವಾಗಿ ಮಸುಕುಗೊಳಿಸುತ್ತವೆ, ಆದರೆ ನೀವೇ ಬರೆಯುವ ಟಿಪ್ಪಣಿಯಲ್ಲಿ ದೇವಸ್ಥಾನದ ಹೆಸರೋ ಬಂಡೆಯ ಹೆಸರೋ ಇದ್ದರೆ ಆ ಮಸುಕಿನಿಂದ ಪ್ರಯೋಜನವಿಲ್ಲ. ಅರಣ್ಯ ಇಲಾಖೆಗೆ ಪೂರ್ಣ ನಕ್ಷೆ, ಸಾರ್ವಜನಿಕರಿಗೆ ತುಂಡುಗಳ ಮಟ್ಟದ ನಕ್ಷೆ ಎಂದು ಎರಡು ಆವೃತ್ತಿಗಳನ್ನು ಮಾಡಿ.

ವರದಿಯ ಮೊದಲ ಎರಡು ಪುಟಗಳನ್ನು ಸರಳ ಕನ್ನಡದಲ್ಲಿ ಬರೆದು, ಪಂಚಾಯಿತಿಗೂ ಮೀನುಗಾರರ ಸಹಕಾರ ಸಂಘಕ್ಕೂ ಓದಿ ಹೇಳಿ. ಅವರು ಒಪ್ಪದ ಮಾತುಗಳಿದ್ದರೆ ಅದನ್ನೂ ವರದಿಯಲ್ಲಿ ದಾಖಲಿಸಬೇಕು. "ನೀರುನಾಯಿಗಳನ್ನು ರಕ್ಷಿಸಬೇಕು" ಎಂಬ ಶಿಫಾರಸಿನಿಂದ ಯಾವ ಕಡತವೂ ಮುಂದೆ ಸಾಗುವುದಿಲ್ಲ. ಇಂಥ ಇಂಥ ತುಂಡುಗಳಲ್ಲಿ ಮರಿಗಳು ಕಂಡಿವೆ, ಆ ದಡಗಳಲ್ಲಿ ಮರಳು ತೆಗೆಯಲು ಅವಕಾಶ ಕೊಡಬಾರದು; ಇಷ್ಟು ಉದ್ದದ ದಡದಲ್ಲಿ ಜೊಂಡು ಸುಡುವುದನ್ನು ನಿಲ್ಲಿಸಬೇಕು; ಬಲೆ ನಷ್ಟಕ್ಕೆ ಪರಿಹಾರದ ದಾರಿ ಹುಡುಕಬೇಕು ಎಂದು ಜಾಗ, ಕಾಲ, ಹೊಣೆ ಹೊರಬೇಕಾದ ಇಲಾಖೆ ಮೂರನ್ನೂ ಹೆಸರಿಸಿ ಬರೆಯಿರಿ. ಕೊನೆಯಲ್ಲಿ ತುಂಡುಗಳ ಗಡಿಬಿಂದುಗಳು, ಖಾಲಿ ದಾಖಲೆ ಹಾಳೆ, ತರಬೇತಿಯ ಕ್ರಮ ಮತ್ತು ಭೇಟಿಗಳ ದಿನಾಂಕಗಳನ್ನು ಅನುಬಂಧವಾಗಿ ಸೇರಿಸಬೇಕು. ಎರಡು ವರ್ಷಗಳ ನಂತರ ಬೇರೊಂದು ತಂಡ ಅದೇ ದಡದಲ್ಲಿ ಅದೇ ರೀತಿ ನಡೆದಾಗ ಮಾತ್ರ ಬದಲಾವಣೆ ನದಿಯದೋ, ಅಳತೆಯದೋ ಎಂಬುದನ್ನು ಹೇಳಲು ಸಾಧ್ಯವಾಗುತ್ತದೆ.